ಒತ್ತಕ್ಷರಕ್ಕೆ ಜಾಗ

ದುಧನಿ ನಿಲ್ದಾಣದಲ್ಲಿ ಸೊಲ್ಲಾಪುರದ ಗಾಡಿ ಹತ್ತುವ ವಿದ್ಯಾರ್ಥಿಗಳಲ್ಲಿ ಗಣಕವಿದ್ಯೆಯನ್ನು ಅರಸಿ ಹೊರಟವರೂ ಇರುತ್ತಾರೆ. ಬೋರೋಟಿ, ನಾಗಣಸೂರು, ಅಕ್ಕಲಕೋಟ ರೋಡ್, ಹೋಟಗಿಗಳನ್ನು ದಾಟಿ ಕೆಲವರು ಸೊಲ್ಲಾಪುರದಲ್ಲಿ ಇಳಿಯುತ್ತಾರೆ, ಕೆಲವರು ಪುಣೆಯವರೆಗೂ ಹೋಗುತ್ತಾರೆ. ಎದುರು ದಿಕ್ಕಿನ ಗಾಡಿ ಹಿಡಿದವರು ಗಡಿ ದಾಟಿ ಕಲಬುರಗಿ ಸೇರುತ್ತಾರೆ. ಇವರಲ್ಲಿ ಕನ್ನಡ ಮಾಧ್ಯಮದವರೂ ಉಂಟು. ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪಠ್ಯಪುಸ್ತಕಗಳನ್ನು ಓದಿ ಹತ್ತನೆಯ ಇಯತ್ತೆ ಮುಗಿಸಿ, ಆಮೇಲೆ ಒಮ್ಮೆಗೇ ಇಂಗ್ಲಿಷಿನ ನೀರಿಗೆ ಬಿದ್ದವರು. ಮೊದಮೊದಲು ಮುಳುಗೇಳುತ್ತ, ಬಳಿಕ ಈಜು ಕಲಿತು, ಸಿ ಮತ್ತು ಜಾವಾ ಭಾಷೆಗಳಲ್ಲಿ ಪ್ರೋಗ್ರಾಮ್ ಬರೆಯುವ ಹಂತಕ್ಕೆ ಬಂದಾಗ ಅವರ ಮುಖದಲ್ಲಿ ಕಾಣುವ ಗೆಲುವು ನ್ಯಾಯವಾದದ್ದೇ.

ಇಂಥವರಿಗೆ ಓದಿನ ಕೊನೆಯ ವರ್ಷದಲ್ಲೋ ಮೊದಲ ನೌಕರಿಯ ಮೊದಲ ತಿಂಗಳುಗಳಲ್ಲೋ ಒಂದು ಮಾತು ಎದುರಾಗುತ್ತದೆ: ‘ಫ್ರಂಟ್ ಎಂಡ್ ಕೂಡ ಕಲಿತುಕೋ.’ ಜಾಲತಾಣಕ್ಕೆ ಎರಡು ಬದಿಗಳಿವೆ. ಅಡತಿ ಅಂಗಡಿಯನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಒಳಗಿನ ಗೋದಾಮು, ಕಿರ್ದಿ, ಖಾತೆ ಪುಸ್ತಕ ಇವೆಲ್ಲ ಹಿಂಬದಿ. ಗಾದಿ, ತಕ್ಕಡಿ, ದರ ಬರೆದ ಹಲಗೆ, ಗಿರಾಕಿಯನ್ನು ‘ಬರ್ರಿ, ಕೂಡ್ರಿ’ ಎಂದು ಕರೆಯುವ ಬಾಯಿ ಇವು ಮುಂಬದಿ. ಪ್ರೋಗ್ರಾಮರ್ ಆದವನಿಗೆ ಹಿಂಬದಿಯೇ ಬುದ್ಧಿಯ ಕೆಲಸ, ಮುಂಬದಿ ಕೇವಲ ಸುಣ್ಣಬಣ್ಣ ಎಂಬ ಭಾವನೆ ಬೇರೂರಿರುತ್ತದೆ. ಆದ್ದರಿಂದ ಆ ಸಲಹೆಯನ್ನು ಅವನು ಹಿಂಬಡ್ತಿಯೆಂದು ಬಗೆದು, ಎರಡು ವಾರಗಳಲ್ಲಿ ಮುಗಿಸಿಬಿಡುವೆನೆಂದು ಕೂಡುತ್ತಾನೆ. ಆರು ತಿಂಗಳಾದರೂ ಅದು ಮುಗಿಯುವುದಿಲ್ಲ.

ಸೊಲ್ಲಾಪುರ ಸೀಮೆಯವರಿಗೆ ಈ ಭಾವನೆ ಒಪ್ಪುವಂಥದಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಲ್ಲಿನ ಚಾದರಗಳನ್ನು ಜಕಾರ್ಡ್ ಮಗ್ಗದಲ್ಲಿ ನೇಯುತ್ತ ಬಂದಿದ್ದಾರೆ. ಹೂವು, ಬಳ್ಳಿ, ನವಿಲುಗಳನ್ನು ಮೊದಲು ಚೌಕಳಿ ಕಾಗದದ ಮೇಲೆ ಬರೆಯಬೇಕು. ಒಂದೊಂದು ಚೌಕವೂ ಹಾಸು ಹೊಕ್ಕುಗಳು ಕೂಡುವ ಒಂದೊಂದು ಸ್ಥಾನ. ಆ ಚಿತ್ರವನ್ನು ಅನುಸರಿಸಿ ರಟ್ಟಿನ ಪಟ್ಟಿಗಳಲ್ಲಿ ತೂತು ಕೊರೆಯುತ್ತಾರೆ, ಯಾವ ಎಳೆ ಏಳಬೇಕು, ಯಾವುದು ಇಳಿದೇ ಇರಬೇಕು ಎಂಬುದನ್ನು ಆ ತೂತುಗಳು ನಿರ್ಣಯಿಸುತ್ತವೆ. ಫ್ರಾನ್ಸಿನ ಜಕಾರ್ಡ್ ಈ ಯಂತ್ರವನ್ನು ಸಿದ್ಧಗೊಳಿಸಿದ್ದು 1804ರ ಸುಮಾರಿಗೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೂತುಪಟ್ಟಿಯ ಕಲ್ಪನೆಯನ್ನು ಎರವಲು ಪಡೆದದ್ದು ಅದರಿಂದಲೇ. ಗಣಕಯಂತ್ರದ ವಂಶಾವಳಿಯಲ್ಲಿ ನೇಯ್ಗೆಯ ನಕ್ಷೆ ಬರೆಯುವವನಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಬೇಕಾಗುತ್ತದೆ. ಕಣ್ಣಿಗೆ ಕಾಣುವ ಚಿತ್ರವೂ ಯಂತ್ರಕ್ಕೆ ತಿಳಿಯುವ ಆಜ್ಞೆಯೂ ಅಲ್ಲಿ ಒಂದೇ ಕೈಯಿಂದ, ಇಲ್ಲವೆ ಒಂದೇ ಓಣಿಯ ಎರಡು ಕೈಗಳಿಂದ ಮೂಡುತ್ತಿದ್ದವು.

ಈ ವಿದ್ಯೆಯಲ್ಲಿ ಏನೇನಿದೆ ಎಂಬುದನ್ನು ತಿಳಿಯಲು ಒಂದು ಸಂದರ್ಭವನ್ನು ಊಹಿಸಬಹುದು. ದುಧನಿಯ ತರುಣನೊಬ್ಬ ತನ್ನೂರಿನ ಮಾರುಕಟ್ಟೆಯ ಅಡತಿ ಅಂಗಡಿಗೆಂದು ತೊಗರಿ, ಕಡಲೆ, ಜೋಳಗಳ ಅಂದಂದಿನ ದರವನ್ನು ಮೊಬೈಲಿನಲ್ಲಿ ತೋರಿಸುವ ಒಂದು ಪುಟವನ್ನು ಮಾಡುತ್ತಾನೆ ಎಂದಿರಲಿ. ಹಿಂಬದಿಯ ಕೆಲಸ ಅವನಿಗೆ ಸಲೀಸು. ದರಗಳು ತಪ್ಪಿಲ್ಲದೆ ಬರುತ್ತವೆ. ಪುಟವನ್ನು ಅವನು ಹೆಮ್ಮೆಯಿಂದ ಅಂಗಡಿಯ ಹಿರಿಯರ ಕೈಗೆ ಕೊಡುತ್ತಾನೆ. ಅವರು ಮೊಬೈಲನ್ನು ಹತ್ತಿರಕ್ಕೆ ತಂದು, ದೂರಕ್ಕೆ ಸರಿಸಿ, ಕೊನೆಗೆ ಕೇಳುತ್ತಾರೆ:

‘ತಮ್ಮಾ, ತೊಗರಿ ರೇಟ್ ಎಲ್ಲಿ ಅದ?’

‘ಅಲ್ಲೇ ಅದರಿ ಕಾಕಾ, ಮ್ಯಾಲ.’

‘ಮ್ಯಾಲ ಬರೇ ಬೂದಿ ಕಾಣ್ತದಲ್ಲೋ.’

ಹಿರಿಯರ ಕಣ್ಣಿನ ದೋಷವೆಂದು ತರುಣ ತಿಳಿದರೆ ಅವನ ಕಲಿಕೆ ಅಲ್ಲಿಗೇ ನಿಂತಿತು. ಬಿಳಿಯ ಮೇಲೆ ತೆಳು ಬೂದು ಬಣ್ಣದ ಅಕ್ಷರಗಳು ಪುಣೆಯ ತಂಪು ಕೋಣೆಯ ದೊಡ್ಡ ಪರದೆಯಲ್ಲಿ ಚೆಲುವಾಗಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ, ಮಾರುಕಟ್ಟೆಯ ಅಂಗಳದಲ್ಲಿ ಅವು ಮಾಯವಾದವು. ಇದಕ್ಕೆ ಅಳತೆಯೂ ಇದೆ. ಜಾಲತಾಣಗಳ ಸುಲಭಗಮ್ಯತೆಗಾಗಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ರೂಪಿಸಿದ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿಯ ನಡುಮಟ್ಟದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರ ಇರಬೇಕು. ಒತ್ತುವ ಗುಂಡಿ ಎಷ್ಟು ದೊಡ್ಡದಿರಬೇಕೆಂಬುದಕ್ಕೂ 2023ರ ಪರಿಷ್ಕರಣೆಯಲ್ಲಿ ಕನಿಷ್ಠ ಅಳತೆ ಬಂದಿದೆ, ಎತ್ತರ ಅಗಲ ತಲಾ 24 ಪಿಕ್ಸೆಲ್. ಚೀಲ ಹೊತ್ತ ಹೆಬ್ಬೆರಳಿಗೆ ಅದೂ ಸಾಲದು. ವಿನ್ಯಾಸವೆಂದರೆ ಅಭಿರುಚಿಯ ಮಾತು, ಅದನ್ನು ಕಲಿಸಲು ಬರುವುದಿಲ್ಲ ಎಂದು ಕೈಚೆಲ್ಲುವ ಪ್ರೋಗ್ರಾಮರ್‌ಗೆ ಇಂಥ ಅಂಕೆಗಳು ಮೊದಲ ಊರುಗೋಲು. ವಿನ್ಯಾಸದ ಬಹುಪಾಲು ಅಳೆಯಲು ಬರುವಂಥದು, ಅಭಿರುಚಿಯ ಪ್ರಶ್ನೆ ಬರುವುದು ಆಮೇಲೆ.

ಮುಂಬದಿಯ ವಿದ್ಯೆಗೆ ಮೂರು ಅಂಗಗಳು. ಎಚ್‌ಟಿಎಂಎಲ್ ಪುಟದ ಯಾವ ಭಾಗ ಏನು ಎಂಬುದನ್ನು ಹೇಳುತ್ತದೆ: ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಕೋಷ್ಟಕ. ಸಿಎಸ್‌ಎಸ್ ಅದು ಹೇಗೆ ಕಾಣಬೇಕು ಎಂಬುದನ್ನು ಹೇಳುತ್ತದೆ. ಜಾವಾಸ್ಕ್ರಿಪ್ಟ್ ಅದಕ್ಕೆ ಚಲನೆಯನ್ನು ಕೊಡುತ್ತದೆ. ಮೂರನೆಯದನ್ನು ಬ್ರೆಂಡನ್ ಐಕ್ ಎಂಬಾತ 1995ರಲ್ಲಿ ಹತ್ತೇ ದಿನಗಳಲ್ಲಿ ಹೊಸೆದನೆಂಬುದು ಪ್ರಸಿದ್ಧ, ಅವಸರದ ಗುರುತುಗಳು ಅದರಲ್ಲಿ ಇಂದಿಗೂ ಉಳಿದಿವೆ. ಆದರೂ ಪ್ರೋಗ್ರಾಮರ್‌ಗೆ ಅದು ಪರಿಚಿತ ನೆಲ, ಅಲ್ಲಿ ಅವನು ಎಡವುವುದಿಲ್ಲ. ಅವನು ಎಡವುವುದು ಎರಡನೆಯದರಲ್ಲಿ.

ಸಿಎಸ್‌ಎಸ್ ಪ್ರೋಗ್ರಾಮ್ ಅಲ್ಲ. ಅದರಲ್ಲಿ ‘ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂಬ ಕ್ರಮವಿಲ್ಲ. ಅದು ಕಾಯ್ದೆಯಂತೆ ಬರೆದದ್ದು. ಎಲ್ಲ ಪರಿಚ್ಛೇದಗಳಿಗೂ ಕಪ್ಪು ಬಣ್ಣ ಎಂದು ಒಂದು ಸಾಮಾನ್ಯ ನಿಯಮ, ದರದ ಕೋಷ್ಟಕದೊಳಗಿನ ಪರಿಚ್ಛೇದಕ್ಕೆ ಹಸಿರು ಎಂದು ಒಂದು ವಿಶೇಷ ನಿಯಮ. ಎರಡೂ ಒಂದೇ ಸ್ಥಳಕ್ಕೆ ಅನ್ವಯಿಸಿದಾಗ ಯಾವುದು ಗೆಲ್ಲಬೇಕು? ವಕೀಲಿಯ ಮೊದಲ ವರ್ಷದ ವಿದ್ಯಾರ್ಥಿಯೂ ಉತ್ತರ ಹೇಳಬಲ್ಲ: ವಿಶೇಷ ವಿಧಿ ಸಾಮಾನ್ಯ ವಿಧಿಯನ್ನು ಮೀರುತ್ತದೆ. ಸಿಎಸ್‌ಎಸ್‌ನ ಉತ್ತರವೂ ಅದೇ. ಎರಡೂ ಸಮಾನ ವಿಶೇಷವಾಗಿದ್ದರೆ? ನಂತರ ಬಂದದ್ದು ಮೊದಲಿನದನ್ನು ಮೀರುತ್ತದೆ, ಅಲ್ಲಿಯೂ ಹಾಗೆಯೇ, ಇಲ್ಲಿಯೂ ಹಾಗೆಯೇ. ‘ಬೇರೆ ಯಾವುದೇ ಕಾನೂನಿನಲ್ಲಿ ಏನೇ ಹೇಳಿದ್ದರೂ’ ಎಂದು ಆರಂಭವಾಗುವ ಕಲಮುಗಳನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು. ಸಿಎಸ್‌ಎಸ್‌ನಲ್ಲಿ ಅದಕ್ಕೆ ‘ಇಂಪಾರ್ಟೆಂಟ್’ ಎಂಬ ಒಂದೇ ಪದವಿದೆ. ಕಾಯ್ದೆಗಳಲ್ಲಿ ಆ ಕಲಮನ್ನು ಅತಿಯಾಗಿ ಬಳಸಿದಾಗ ಯಾವ ಕಾಯ್ದೆ ಯಾವುದರ ಮೇಲಿದೆ ಎಂದು ತಿಳಿಯದೆ ದಾವೆಗಳು ಹೆಚ್ಚುವಂತೆ, ಹೊಸಬರು ಈ ಪದವನ್ನು ಎಲ್ಲೆಂದರಲ್ಲಿ ಬಳಸಿ ತಮ್ಮ ಪುಟವನ್ನು ತಾವೇ ತಿದ್ದಲಾರದ ಸ್ಥಿತಿಗೆ ತರುತ್ತಾರೆ. ತರ್ಕಶಾಸ್ತ್ರದಲ್ಲಿ ಗಟ್ಟಿಯಾದ ಪ್ರೋಗ್ರಾಮರ್ ಇಲ್ಲಿ ಸೋಲುವುದಕ್ಕೆ ಕಾರಣ ಅವನ ದಡ್ಡತನವಲ್ಲ, ಆಜ್ಞೆ ಕೊಡುವ ಅಭ್ಯಾಸ. ಇಲ್ಲಿ ಬೇಕಾದದ್ದು ನಿಯಮಗಳನ್ನು ಹೊಂದಿಸುವ ಅಭ್ಯಾಸ.

ಈ ಏರ್ಪಾಟಿನ ಹುಟ್ಟಿನಲ್ಲಿ ಇನ್ನೂ ಗಮನಾರ್ಹವಾದ ಸಂಗತಿಯಿದೆ. ನಾರ್ವೆಯ ಹೋಕನ್ ವಿಯಮ್ ಲೀ ಎಂಬಾತ ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿದ್ದಾಗ, 1994ರ ಅಕ್ಟೋಬರ್ 10ರಂದು ಇದರ ಮೊದಲ ಪ್ರಸ್ತಾವವನ್ನು ಮುಂದಿಟ್ಟ. ಪುಟ ಹೇಗೆ ಕಾಣಬೇಕೆಂಬುದನ್ನು ಬರೆದವನೊಬ್ಬನೇ ನಿರ್ಧರಿಸಕೂಡದು, ಓದುವವನಿಗೂ ಅದರಲ್ಲಿ ಹಕ್ಕು ಇರಬೇಕು ಎಂಬುದು ಆ ಪ್ರಸ್ತಾವದ ತಿರುಳು. ಮುದ್ರಣದ ಇತಿಹಾಸದಲ್ಲಿ ಇಂಥದು ಇರಲಿಲ್ಲ. ಅಚ್ಚಾದ ಪತ್ರಿಕೆಯ ಅಕ್ಷರವನ್ನು ಓದುಗ ದೊಡ್ಡದು ಮಾಡಿಕೊಳ್ಳಲಾರ, ಕನ್ನಡಕ ಬದಲಿಸಬಹುದಷ್ಟೇ. ಸಿಎಸ್‌ಎಸ್‌ನ ನಿಯಮದಲ್ಲಿ ಸಾಮಾನ್ಯವಾಗಿ ಬರೆದವನ ಮಾತು ನಡೆಯುತ್ತದೆ. ಆದರೆ ಓದುಗನೂ ಬರೆದವನೂ ಇಬ್ಬರೂ ‘ಇದು ಮುಖ್ಯ’ ಎಂದು ಹಟ ಹಿಡಿದಾಗ ಓದುಗನ ಮಾತೇ ಮೇಲು. ದೃಷ್ಟಿ ಮಂದವಾದವರಿಗೆ ದೊಡ್ಡ ಅಕ್ಷರ ಬೇಕಾಗಬಹುದು, ಬೇರೆ ಬಣ್ಣ ಬೇಕಾಗಬಹುದು, ಆ ಅಗತ್ಯದ ಎದುರು ವಿನ್ಯಾಸಕಾರನ ಇಷ್ಟಾನಿಷ್ಟ ನಿಲ್ಲದು. ಸಂವಿಧಾನದ ಮೂಲಭೂತ ಹಕ್ಕಿನ ಸ್ಥಾನ ಇದಕ್ಕಿದೆ ಎಂದರೆ ಅತಿಶಯೋಕ್ತಿಯಾಗದು.

ಈಗ ಕನ್ನಡದ ಮಾತು. ಊಹೆಯ ಆ ತರುಣ ಹಿರಿಯರ ಮಾತು ಕೇಳಿ ಬಣ್ಣವನ್ನು ಕಪ್ಪು ಮಾಡಿದ, ಗುಂಡಿಯನ್ನು ದೊಡ್ಡದು ಮಾಡಿದ, ಇಂಗ್ಲಿಷಿನಲ್ಲಿದ್ದ ಪುಟವನ್ನು ಕನ್ನಡಕ್ಕೂ ಮರಾಠಿಗೂ ತಂದ. ಆಗ ಹೊಸ ತೊಂದರೆಗಳು ತಲೆಯೆತ್ತುತ್ತವೆ, ಇವುಗಳಿಗೆ ಅವನು ಓದಿದ ಇಂಗ್ಲಿಷ್ ಪಾಠಗಳಲ್ಲಿ ಉತ್ತರ ಸಿಗುವುದು ಅಪರೂಪ.

ಮೊದಲನೆಯದು ಎತ್ತರದ ತೊಂದರೆ. ಇಂಗ್ಲಿಷ್ ಅಕ್ಷರಗಳು ಒಂದು ಸಾಲಿನ ಮೇಲೆ ಕುಳಿತಿರುತ್ತವೆ, ಕೆಳಗೆ ಇಳಿಯುವ ಬಾಲ ಚಿಕ್ಕದು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಮತ್ತೊಂದು ಒತ್ತು. ‘ಅಕ್ಕಲಕೋಟ’ ಎಂದು ಬರೆದು ಇಂಗ್ಲಿಷಿಗೆಂದು ಅಳೆದ ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಕೂಡಿಸಿದರೆ ಕಕಾರದ ಒತ್ತು ಪೆಟ್ಟಿಗೆಯ ಅಂಚಿಗೆ ಸಿಕ್ಕು ಕತ್ತರಿಸಿ ಹೋಗುತ್ತದೆ. ಪರದೆಯ ಮೇಲೆ ಉಳಿಯುವುದು ‘ಅಕಲಕೋಟ’. ಸೊಲ್ಲಾಪುರದ ಲಕಾರಕ್ಕೂ ಸಿದ್ಧರಾಮನ ದಕಾರಕ್ಕೂ ಅದೇ ಗತಿ. ಅಕ್ಷರ ತಪ್ಪಾಗಿ ಬರೆದದ್ದಲ್ಲ, ಯಂತ್ರದೊಳಗೆ ಅದು ಸರಿಯಾಗಿಯೇ ಇದೆ. ಕನ್ನಡ ಬಾರದ ವಿನ್ಯಾಸಕಾರನ ಕಣ್ಣಿಗೆ ಪುಟ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಒತ್ತು ಹೋಯಿತೆಂದು ತಿಳಿಯುವುದು ಓದಬಲ್ಲವನಿಗೆ ಮಾತ್ರ.

ಎರಡನೆಯದು ಎಣಿಕೆಯದು. ‘ಸ್ತ್ರೀ’ ಎಂಬುದು ಓದುವವನಿಗೆ ಒಂದು ಅಕ್ಷರ. ಯಂತ್ರದೊಳಗೆ ಅದು ಆರು ಸಂಕೇತಗಳ ಸಾಲು: ಸಕಾರ, ಹಲಂತದ ಚಿಹ್ನೆ, ತಕಾರ, ಮತ್ತೆ ಹಲಂತದ ಚಿಹ್ನೆ, ರಕಾರ, ದೀರ್ಘದ ಗುಡಿಸು. ಹೆಸರು ಉದ್ದವಾಯಿತೆಂದು ಇಂತಿಷ್ಟು ಸಂಕೇತಗಳಿಗೆ ಕತ್ತರಿಸುವುದು ಪ್ರೋಗ್ರಾಮರ್‌ಗಳ ರೂಢಿ. ‘ಶ್ರೀ ಸಿದ್ಧರಾಮೇಶ್ವರ’ ಎಂಬ ಹೆಸರನ್ನು ಒಂಬತ್ತಕ್ಕೆ ಕತ್ತರಿಸಿದರೆ ಉಳಿಯುವುದು ‘ಶ್ರೀ ಸಿದ್’. ಸೊಲ್ಲಾಪುರದ ಆರಾಧ್ಯನಿಗೆ ಇಂಥ ಗತಿ ತಂದ ಕೋಡನ್ನು ಯಾವ ಪರೀಕ್ಷಾ ಯಂತ್ರವೂ ತಪ್ಪೆನ್ನುವುದಿಲ್ಲ.

ಇನ್ನೂ ಹಲವು ಇವೆ. ಇಂಗ್ಲಿಷಿನಲ್ಲಿ ಒತ್ತಿ ಹೇಳಬೇಕಾದಾಗ ದೊಡ್ಡಕ್ಷರ ಬಳಸುತ್ತಾರೆ, ಕನ್ನಡದಲ್ಲಿ ಅಂಥ ಭೇದವೇ ಇಲ್ಲ. ಅಕ್ಷರವನ್ನು ದಪ್ಪ ಮಾಡಿದರೆ ಚಿಕ್ಕ ಗಾತ್ರದಲ್ಲಿ ಒತ್ತಿನ ಹೊಟ್ಟೆ ಮಸಿಯಿಂದ ತುಂಬಿಹೋಗುತ್ತದೆ. ಸಂಧಿ ಸಮಾಸಗಳಿಂದ ಬೆಳೆದ ಉದ್ದನೆಯ ಪದ ಮೊಬೈಲಿನ ಅಗಲವನ್ನು ಮೀರಿ ಹೊರಗೆ ಚಾಚುತ್ತದೆ. ಕನ್ನಡದ ಭಾಗಕ್ಕೆ ‘ಇದು ಕನ್ನಡ’ ಎಂದೂ ಮರಾಠಿಯ ಭಾಗಕ್ಕೆ ‘ಇದು ಮರಾಠಿ’ ಎಂದೂ ಎಚ್‌ಟಿಎಂಎಲ್‌ನಲ್ಲಿ ಗುರುತು ಹಾಕದಿದ್ದರೆ ಅಂಧರಿಗೆ ಪುಟವನ್ನು ಓದಿ ಹೇಳುವ ಯಂತ್ರ ಯಾವ ಧ್ವನಿಯಲ್ಲಿ ಓದಬೇಕೆಂದು ತಿಳಿಯದೆ ತಡವರಿಸುತ್ತದೆ. ಮೂರು ಭಾಷೆಗಳನ್ನು ಒಂದೇ ಉಸಿರಿನಲ್ಲಿ ಆಡುವ ಅಕ್ಕಲಕೋಟ ತಾಲೂಕಿನಲ್ಲಿ ಬೆಳೆದವನಿಗೆ ಈ ಗುರುತಿನ ಅಗತ್ಯವನ್ನು ವಿವರಿಸಿ ಹೇಳಬೇಕಿಲ್ಲ.

ಇಲ್ಲಿ ಕನ್ನಡ ಮಾಧ್ಯಮದ ತರುಣರಿಗೆ ಹೇಳಬೇಕಾದದ್ದಿದೆ. ಎಚ್‌ಟಿಎಂಎಲ್‌ನಲ್ಲಿ ನಿತ್ಯ ಬಳಕೆಗೆ ಬೇಕಾದ ಇಂಗ್ಲಿಷ್ ಪದಗಳು ಕೆಲವೇ ಡಜನ್, ಅವನ್ನು ಬಾಯಿಪಾಠ ಮಾಡಲು ಒಂದು ವಾರ ಸಾಕು. ಗುಣಿತಾಕ್ಷರ, ಸಂಯುಕ್ತಾಕ್ಷರ, ಅರ್ಕಾವೊತ್ತುಗಳ ತಿಳಿವಳಿಕೆ ಒಂದು ವಾರದಲ್ಲಿ ಬರುವಂಥದಲ್ಲ, ಅದು ಅವರಿಗೆ ಶಾಲೆಯಲ್ಲಿಯೇ ಬಂದಿದೆ. ಸಂದರ್ಶನಕ್ಕೆ ಹೋದಾಗ ಕನ್ನಡ ಶಾಲೆಯ ಹೆಸರನ್ನು ಮೆಲುದನಿಯಲ್ಲಿ ಹೇಳುವ ಸಂಕೋಚಕ್ಕೆ ಈ ವೃತ್ತಿಯಲ್ಲಂತೂ ಕಾರಣವಿಲ್ಲ.

ಪರದೆಯ ಮೇಲೆ ಕನ್ನಡ ಮೂಡಿದ್ದು ತಾನಾಗಿಯೇ ಅಲ್ಲ. ಅದರ ಹಿಂದೆ ಎರಡೂ ಬದಿಗಳನ್ನು ಕಲಿತವರ ದುಡಿಮೆಯಿದೆ, ಮತ್ತು ಆ ದುಡಿಮೆಗೆ ಮಹಾರಾಷ್ಟ್ರದ ನಂಟು ಗಾಢವಾಗಿದೆ. ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕಿನ್ನಿಕಂಬಳದ ಕೆ. ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು, ಮುಂದೆ ಅಚ್ಚಿನ ಅಕ್ಷರಗಳ ಲೋಕಕ್ಕೆ ಹೊರಳಿದವರು. ಅವರು ಉಚ್ಚಾರಣೆಯ ಕ್ರಮವನ್ನು ಅನುಸರಿಸಿ ಜೋಡಿಸಿದ ಕೀಲಿಮಣೆಯನ್ನೇ ಕರ್ನಾಟಕ ಸರ್ಕಾರ ಮುಂದೆ ಶಿಷ್ಟವೆಂದು ಅಂಗೀಕರಿಸಿತು. 1996ರಲ್ಲಿ ‘ವಿಶ್ವಕನ್ನಡ’ ಎಂಬ ಜಾಲತಾಣವನ್ನು ಆರಂಭಿಸಿದ ಯು. ಬಿ. ಪವನಜ ಅದಕ್ಕೂ ಮುನ್ನ ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದು ಮನೆಮನೆಯ ಗಣಕಗಳಲ್ಲಿ ನೆಲೆಸಿದ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸವು, ಮರಾಠಿಯ ಹೆಸರಾಂತ ಸುಲೇಖನಕಾರ, ಮುಂಬಯಿ ಐಐಟಿಯಲ್ಲಿ ಪಾಠ ಹೇಳಿದ ರ. ಕೃ. ಜೋಶಿಯವರ ನೇತೃತ್ವದಲ್ಲಿ ರೂಪುಗೊಂಡ ಭಾರತೀಯ ಲಿಪಿಗಳ ಮಾಲೆಯ ಒಂದು ಮಣಿ. ಈಚಿನ ‘ಬಲೂ ತಮ್ಮ’ ಮತ್ತು ‘ಅನೇಕ್ ಕನ್ನಡ’ ಎಂಬ ಮುಕ್ತ ಅಕ್ಷರವಿನ್ಯಾಸಗಳೂ ಮುಂಬಯಿಯ ಏಕ್ ಟೈಪ್ ಎಂಬ ತಂಡದವು. ಗಡಿಯ ಮಾತು ಬಂದಾಗಲೆಲ್ಲ ಎರಡು ಭಾಷೆಗಳು ಎದುರುಬದುರು ನಿಂತಂತೆ ಮಾತಾಡುವವರಿಗೆ ಈ ವಿವರಗಳು ತಿಳಿದಿರಬೇಕು.

ಈ ದುಡಿಮೆಯ ನಡುವೆ ಒಂದು ದೀರ್ಘ ಅಡ್ಡದಾರಿಯೂ ಇತ್ತು. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಸಂಕೇತಗಳು ದೊರೆತಿದ್ದರೂ ಅದು ಬಳಕೆಗೆ ಬರಲು ವರ್ಷಗಳು ಬೇಕಾದವು. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡ ಆಕೃತಿಯ ಮುಖವಾಡ ತೊಡಿಸುವ ಉಪಾಯ ನಡೆಯಿತು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಮುಖವಾಡ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಹಾಗೆ ಜೋಡಿಸಿಟ್ಟ ಹಳೆಯ ಕನ್ನಡ ಪುಟಗಳಲ್ಲಿ ಒಂದು ಹೆಸರನ್ನು ಹುಡುಕಿದರೆ ಯಂತ್ರಕ್ಕೆ ಸಿಗುವುದಿಲ್ಲ. ಕಣ್ಣಿಗೆ ಕನ್ನಡವಾಗಿದ್ದು ಯಂತ್ರಕ್ಕೆ ಕನ್ನಡವಲ್ಲದ್ದು ಅದು. ಗಡಿನಾಡಿನ ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸವನ್ನು ಕಲಿಕೆಯ ಅಂಗವಾಗಿ ಯಾರಾದರೂ ಕೈಗೆತ್ತಿಕೊಂಡರೆ ಕಲಿತಂತೆಯೂ ಆಯಿತು, ಒಂದು ಸಮುದಾಯದ ನೆನಪು ಉಳಿದಂತೆಯೂ ಆಯಿತು.

ಇಷ್ಟೆಲ್ಲ ಸೂಕ್ಷ್ಮ ಏಕೆ, ಒತ್ತು ಹೋದರೆ ಏನಾಯಿತು ಎಂದು ಕೇಳುವವರಿದ್ದಾರೆ. ಅಂಥವರು ತಹಸೀಲ ಕಚೇರಿಯ ಎದುರು ಒಂದು ದಿನ ನಿಂತು ನೋಡಬೇಕು. ಗಡಿ ತಾಲೂಕಿನ ಕನ್ನಡಿಗನ ಹೆಸರು ಮನೆಯಲ್ಲಿ ಕನ್ನಡ, ಸಾತಬಾರಾ ಉತಾರದಲ್ಲಿ ದೇವನಾಗರಿ, ಬ್ಯಾಂಕಿನಲ್ಲಿ ರೋಮನ್ ಲಿಪಿ. ಮರಾಠಿಯ ಬರವಣಿಗೆಯಲ್ಲಿ ಕನ್ನಡದ ಎ ಏ, ಒ ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲ. ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳ, ನಕಾರ ಣಕಾರಗಳ ಭೇದವಿಲ್ಲ. ಮೂರು ಲಿಪಿಗಳ ಸಾಣೆಯಲ್ಲಿ ತಿರುಗಿ ಬಂದ ಹೆಸರು ಮೂರು ಮನುಷ್ಯರ ಹೆಸರಿನಂತೆ ಕಾಣುತ್ತದೆ, ಆಗ ಅವರೆಲ್ಲ ಒಬ್ಬನೇ ಎಂದು ಪ್ರಮಾಣಪತ್ರ ಮಾಡಿಸಬೇಕು. ಅರ್ಜಿಯ ಪುಟವನ್ನು ಮಾಡುವ ಪ್ರೋಗ್ರಾಮರ್ ‘ಹೆಸರಿನಲ್ಲಿ ಇಂಗ್ಲಿಷಿನ ಎ ಯಿಂದ ಝಡ್‌ವರೆಗಿನ ಅಕ್ಷರಗಳನ್ನಷ್ಟೇ ಒಪ್ಪು’ ಎಂದು ಒಂದು ಸಾಲು ಬರೆದರೆ, ಅಡ್ಡಹೆಸರಿಲ್ಲದ ಮುದುಕಿಗೂ ಅಡ್ಡಹೆಸರನ್ನು ಕಡ್ಡಾಯ ಮಾಡಿದರೆ, ಅದರ ಬೆಲೆಯನ್ನು ತೆರುವವನು ಮುದ್ರಾಂಕದ ಕಾಗದ ಕೊಂಡು ಸರದಿಯಲ್ಲಿ ನಿಂತಿರುವ ರೈತ. ಮುಂಬದಿಯ ಒಂದು ಸಾಲು ಒಬ್ಬನ ಒಂದು ದಿನದ ಕೂಲಿಯನ್ನು ತಿನ್ನಬಲ್ಲದು.

ಕಾನೂನು ಈ ವಿಷಯದಲ್ಲಿ ಈಚೆಗೆ ಕಣ್ಣು ತೆರೆದಿದೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೆಯ ಕಲಮು ಮುದ್ರಣ, ಧ್ವನಿ, ವಿದ್ಯುನ್ಮಾನ ಮಾಧ್ಯಮಗಳಲ್ಲಿರುವ ವಿಷಯವೆಲ್ಲ ಎಲ್ಲರಿಗೂ ನಿಲುಕುವಂತಿರಬೇಕೆಂದು ಹೇಳಿತ್ತು. ಅದಕ್ಕಾಗಿ ಮಾಡಿದ ನಿಯಮವು ಬರೀ ಶಿಫಾರಸಿನಂತಿದೆ, ಕಡ್ಡಾಯವಾಗಿಲ್ಲ, ಆದ್ದರಿಂದ ಕಾಯ್ದೆಗೆ ವಿರುದ್ಧವಾದದ್ದು ಎಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ತೀರ್ಪಿತ್ತಿತು. ಮರುವರ್ಷ, 2025ರ ಏಪ್ರಿಲ್ 30ರಂದು, ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಆಮ್ಲದ ದಾಳಿಗೆ ತುತ್ತಾಗಿ ರೆಪ್ಪೆ ಮಿಟುಕಿಸಲಾರದವರಿಗೆ, ಗುರುತು ಪರಿಶೀಲಿಸುವ ಪರದೆಯು ‘ರೆಪ್ಪೆ ಮಿಟುಕಿಸಿ’ ಎಂದು ಕೇಳುತ್ತಿತ್ತು. ಮಿಟುಕಿಸದಿದ್ದರೆ ಖಾತೆ ಇಲ್ಲ. ಯಾರೋ ಒಬ್ಬ ಪ್ರೋಗ್ರಾಮರ್ ಎಲ್ಲರ ರೆಪ್ಪೆಗಳೂ ತನ್ನ ರೆಪ್ಪೆಗಳಂತೆಯೇ ಇವೆಯೆಂದು ತಿಳಿದದ್ದರ ಫಲ ಅದು. ನ್ಯಾಯಮೂರ್ತಿಗಳಾದ ಪಾರ್ದಿವಾಲಾ ಮತ್ತು ಮಹದೇವನ್ ಅವರ ಪೀಠವು ಡಿಜಿಟಲ್ ಸೇವೆಗಳನ್ನು ತಲುಪುವ ಅವಕಾಶವು 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಹೇಳಿ ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು. ಈ ಡಿಜಿಟಲ್ ಕಂದರದ ಆಚೆ ಉಳಿದವರನ್ನು ಹೆಸರಿಸುವಾಗ ಪೀಠವು ಗ್ರಾಮೀಣರು, ಹಿರಿಯರು, ಬಡವರ ಜತೆಗೆ ಭಾಷಾ ಅಲ್ಪಸಂಖ್ಯಾತರನ್ನೂ ಎಣಿಸಿದೆ. ಸರ್ನ್ ಸಂಶೋಧನಾಲಯವು ಜಾಲದ ತಂತ್ರಜ್ಞಾನವನ್ನು ಯಾವ ಶುಲ್ಕವೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟದ್ದು 1993ರ ಏಪ್ರಿಲ್ 30ರಂದು. ಸರಿಯಾಗಿ ಮೂವತ್ತೆರಡು ವರ್ಷಗಳ ಬಳಿಕ ಅದೇ ತಾರೀಖಿನಂದು ಈ ತೀರ್ಪು ಬಂದದ್ದು ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ.

ಇದನ್ನು ಗಡಿ ಕನ್ನಡಿಗರು ಇನ್ನೊಂದು ಹಳೆಯ ಭರವಸೆಯೊಂದಿಗೆ ಜೋಡಿಸಿ ಓದಬೇಕು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳು ಬಂದವು. ಮೊದಲನೆಯದು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ, ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಗೆ ಸಂಬಂಧಿಸಿದ್ದು. ಇವುಗಳ ಜತೆಯಲ್ಲಿ ಒಪ್ಪಿತವಾದ ರಕ್ಷಣೆಗಳ ಪ್ರಕಾರ, ಜಿಲ್ಲೆಯಲ್ಲಾಗಲಿ ಅದಕ್ಕಿಂತ ಚಿಕ್ಕ ಪ್ರದೇಶದಲ್ಲಾಗಲಿ ಒಂದು ಅಲ್ಪಸಂಖ್ಯಾತ ಭಾಷೆಯನ್ನಾಡುವವರು ಶೇಕಡಾ 15ರಷ್ಟಿದ್ದರೆ ಮುಖ್ಯ ನಿಯಮ ಪ್ರಕಟಣೆಗಳ ಅನುವಾದ ಆ ಭಾಷೆಯಲ್ಲಿ ಹೊರಬರಬೇಕು. ಅದು ಕಾಗದದ ಕಾಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೆಯ ಕಲಮು, ಬರಹದಲ್ಲಿರಬೇಕೆಂದು ಕಾನೂನು ಹೇಳುವುದು ವಿದ್ಯುನ್ಮಾನ ರೂಪದಲ್ಲಿದ್ದರೂ ಸಾಕೆಂದು ಮಾನ್ಯ ಮಾಡಿತು. ಕಾಗದದ ಸ್ಥಾನವನ್ನು ಪರದೆ ಪಡೆದುಕೊಂಡ ಮೇಲೆ ಕಾಗದದ ಮೇಲಿದ್ದ ಹೊಣೆಯನ್ನೂ ಅದು ಹೊರಬೇಕಲ್ಲವೆ? ಕಚೇರಿಯ ಗೋಡೆಯ ಮೇಲೆ ಕನ್ನಡದ ಪ್ರಕಟಣೆ ಬೇಕೆಂದು ಕೇಳುವ ಹಕ್ಕಿದ್ದರೆ ಅದೇ ಕಚೇರಿಯ ಜಾಲತಾಣದಲ್ಲಿಯೂ ಕೇಳುವ ಹಕ್ಕಿದೆ ಎಂಬ ವಾದ ದುರ್ಬಲವಾದದ್ದಲ್ಲ. ನ್ಯಾಯಾಲಯದ ಮುಂದೆ ಅದನ್ನು ಯಾರಾದರೂ ಇಡಬೇಕಷ್ಟೇ. ಇಟ್ಟು ಗೆದ್ದರೂ, ಒತ್ತು ಕತ್ತರಿಸದ ಕನ್ನಡ ಪುಟವನ್ನು ಮಾಡಲು ಬಲ್ಲ ಕೈಗಳು ಆ ದಿನಕ್ಕೆ ಸಿದ್ಧವಿರಬೇಕಾ­ಗುತ್ತದೆ.

ಆ ಕೈಗಳಿಗೆ ಕಲಿಕೆಯ ದಾರಿ ದುಬಾರಿಯಾದದ್ದಲ್ಲ. ಪಾಠಗಳು ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಬ್ರೌಸರ್ ಎಲ್ಲರ ಬಳಿ ಇದೆ, ಯಾವುದೇ ಪುಟದ ಒಳಗಿನ ಬರಹವನ್ನು ತೆರೆದು ನೋಡಲು ಅದೇ ಬ್ರೌಸರ್ ಅನುಮತಿ ಕೊಡುತ್ತದೆ. ಕಸುಬುದಾರನ ಹೊಲಿಗೆಯನ್ನು ಬಿಚ್ಚಿ ನೋಡಿ ಕಲಿಯುವ ಇಂಥ ಸೌಲಭ್ಯ ಬೇರೆ ವೃತ್ತಿಗಳಲ್ಲಿ ವಿರಳ. ಎಡವುವ ಸ್ಥಳ ಮಾತ್ರ ಒಂದಿದೆ. ಹೊಸಬ ಎಚ್‌ಟಿಎಂಎಲ್ ಸಿಎಸ್‌ಎಸ್‌ಗಳನ್ನು ಅರೆಬರೆ ಬಿಟ್ಟು, ನೌಕರಿಯ ಜಾಹೀರಾತಿನಲ್ಲಿ ಕಂಡ ರಿಯಾಕ್ಟ್ ಮುಂತಾದ ಚೌಕಟ್ಟುಗಳ ಬೆನ್ನು ಹತ್ತುತ್ತಾನೆ. ಚೌಕಟ್ಟು ವರ್ಷ ವರ್ಷಕ್ಕೆ ಬದಲಾಗುತ್ತದೆ, ತಳಹದಿ ಮೂವತ್ತು ವರ್ಷಗಳಿಂದ ನಿಂತಿದೆ. ಈಗಂತೂ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಅರೆಕ್ಷಣದಲ್ಲಿ ಪುಟ ತಯಾರು. ಆದರೆ ಅದು ಬರೆದುಕೊಟ್ಟದ್ದರಲ್ಲಿ ಒತ್ತಿಗೆ ಜಾಗ ಉಳಿದಿದೆಯೇ ಎಂದು ಕಂಡುಹಿಡಿಯಲು ತಳಹದಿ ಗೊತ್ತಿರಬೇಕು, ಕನ್ನಡವೂ ಗೊತ್ತಿರಬೇಕು.

ಪಾಠದಲ್ಲಿ ಸಿಗದ ಒಂದು ಭಾಗವೂ ಇದೆ. ಪುಟವನ್ನು ಬಳಸುವವರ ಪಕ್ಕದಲ್ಲಿ ಬಾಯಿ ಮುಚ್ಚಿ ಕೂಡುವುದು. ‘ಇಲ್ಲಿ ಒತ್ತರಿ, ಅಲ್ಲಿ ನೋಡ್ರಿ’ ಎಂದು ಹೇಳಿಕೊಡದೆ, ಅವರ ಬೆರಳು ಎಲ್ಲಿಗೆ ಹೋಗುತ್ತದೆ, ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸುವುದು. ತಾನು ಮಾಡಿದ ವಸ್ತುವಿನ ಮುಂದೆ ಒಬ್ಬ ಹಿರಿಯರು ತಬ್ಬಿಬ್ಬಾಗುವುದನ್ನು ಸುಮ್ಮನೆ ನೋಡುವುದು ಪ್ರೋಗ್ರಾಮರ್‌ಗೆ ಕಷ್ಟದ ಶಿಸ್ತು. ಕಕ್ಷಿದಾರನ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವುದನ್ನು ಕಲಿಯಲು ವಕೀಲರಿಗೂ ವರ್ಷಗಳು ಬೇಕಾಗುತ್ತವೆ.

ಆ ತರುಣ ಹಾಗೆ ಕೂತನೆಂದಿರಲಿ. ಅಂಗಡಿಯಲ್ಲಿ ಸಂಜೆಯ ಹೊತ್ತು, ಲಿಲಾವು ಮುಗಿದಿದೆ. ಸಾಲುಗಳ ಎತ್ತರವನ್ನು ಅವನು 1.2ರಿಂದ 1.7ಕ್ಕೆ ಏರಿಸಿ ಬಂದಿದ್ದಾನೆ, ಪೆಟ್ಟಿಗೆಗಳ ಎತ್ತರವನ್ನು ಬಿಗಿ ಹಿಡಿಯದೆ ಸಡಿಲ ಬಿಟ್ಟಿದ್ದಾನೆ, ಹೆಸರನ್ನು ಕತ್ತರಿಸುವ ಸಾಲನ್ನು ತೆಗೆದೇ ಹಾಕಿದ್ದಾನೆ. ಹಿರಿಯರು ಮೊಬೈಲನ್ನು ಈ ಸಲ ದೂರಕ್ಕೆ ಸರಿಸುವುದಿಲ್ಲ. ತೊಗರಿಯ ದರ ಓದುತ್ತಾರೆ, ಕಡಲೆಯದನ್ನು ಓದುತ್ತಾರೆ, ಬೆರಳಿನಿಂದ ಪುಟವನ್ನು ಮೇಲಕ್ಕೆ ಸರಿಸಿ ತಳದಲ್ಲಿರುವ ಅಂಗಡಿಯ ವಿಳಾಸಕ್ಕೆ ಬರುತ್ತಾರೆ.

‘ತಾಲೂಕಾ ಅಕ್ಕಲಕೋಟ, ಜಿಲ್ಲಾ ಸೊಲ್ಲಾಪುರ,’ ಎಂದು ಗಟ್ಟಿಯಾಗಿ ಓದಿ, ‘ಪಿನ್ ಕೋಡ್ ಹಾಕೂದು ಬಿಟ್ಟೀಯಲ್ಲೋ ತಮ್ಮಾ,’ ಎನ್ನುತ್ತಾರೆ.